ಸಮಯದ ಲೆಕ್ಕ: ಹಿಂದಕ್ಕೆ ನಡೆಯುವಾಗ 25 ನಿಮಿಷವನ್ನು ಎಲ್ಲಿ ಒಡೆಯಬೇಕು?

ಮೂರು, ನಾಲ್ಕನೆಯ ತರಗತಿಗೆ ಸಮಯದ ವಾಕ್ಯರೂಪದ ಲೆಕ್ಕ ಕಲಿಸಲು ಸಿದ್ಧರಾಗುತ್ತಿರುವ ಸಹಪಾಠಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳಿಗೆ ಗಡಿಯಾರ ನೋಡಲು ಬರುತ್ತದೆ ಎಂದಿಟ್ಟುಕೊಳ್ಳೋಣ.

ಇಂಥ ಪ್ರತಿ ಲೆಕ್ಕದಲ್ಲಿ ಮೂರು ಸಂಗತಿಗಳಿರುತ್ತವೆ: ಆರಂಭ, ಅವಧಿ, ಮುಕ್ತಾಯ. ಎರಡನ್ನು ಕೊಟ್ಟು ಒಂದನ್ನು ಕೇಳುತ್ತಾರೆ. ಕೂಡುವುದೋ ಕಳೆಯುವುದೋ ಎಂದು ಮಗು ಕೇಳಿದರೆ ಉತ್ತರಿಸಬೇಡಿ. ಯಾವುದು ಕಾಣೆಯಾಗಿದೆ ಎಂದು ತಿರುಗಿ ಕೇಳಿ.

ಮೇಲೆ ಕೆಳಗೆ ಬರೆದು ಕಳೆದರೆ

9:40ಕ್ಕೆ ಶುರುವಾಗಿ 11:15ಕ್ಕೆ ಮುಗಿದರೆ ಅವಧಿ ಎಷ್ಟು? 1115ರಿಂದ 940 ಕಳೆದು ಮಗು 1 ಗಂಟೆ 75 ನಿಮಿಷ ಎನ್ನುತ್ತದೆ. ಅದರ ವ್ಯವಕಲನದಲ್ಲಿ ದೋಷವಿಲ್ಲ. ಗಂಟೆಯಿಂದ ಕಡ ತಂದಾಗ ಅದು ನೂರು ತಂದಿತು, ಬರಬೇಕಾದದ್ದು ಅರವತ್ತು. ಇದನ್ನು ಬಾಯಿಮಾತಿನಲ್ಲಿ ತಿದ್ದುವುದಕ್ಕಿಂತ ಒಂದು ಗೆರೆ ಎಳೆಯುವುದು ಎಷ್ಟೋ ಮೇಲು. 9:40ರಿಂದ 10:00ಕ್ಕೆ 20 ನಿಮಿಷ, ಅಲ್ಲಿಂದ 11:00ಕ್ಕೆ 1 ಗಂಟೆ, ಮತ್ತೆ 15 ನಿಮಿಷ. ಒಟ್ಟು 1 ಗಂಟೆ 35 ನಿಮಿಷ. ಕಡ ತರುವ ಮಾತೇ ಇಲ್ಲ.

ಹಿಂದಕ್ಕೆ ನಡೆಯುವುದು

ನನ್ನನ್ನು ಹೆಚ್ಚು ಕಾಡಿದ್ದು ಆರಂಭವೇ ಕಾಣೆಯಾದ ಲೆಕ್ಕ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದ ಬಸ್ 11:10ಕ್ಕೆ ಶಿರಸಿ ತಲುಪಿತು ಎನ್ನೋಣ. ಪ್ರಯಾಣಕ್ಕೆ 2 ಗಂಟೆ 25 ನಿಮಿಷ ಹಿಡಿಯಿತು. ಹೊರಟದ್ದು ಯಾವಾಗ?

ಮೊದಲು ಗಂಟೆಗಳನ್ನು ಹಿಂದಕ್ಕೆ ಸರಿಸಬೇಕು: 11:10ರಿಂದ 2 ಗಂಟೆ ಹಿಂದೆ 9:10. ಇನ್ನು 25 ನಿಮಿಷ ಉಳಿಯಿತು. ಇದನ್ನು 10 ಮತ್ತು 15 ಎಂದು ಒಡೆಯಬೇಕು. 20 ಮತ್ತು 5 ಎಂದು ಏಕೆ ಅಲ್ಲ? ಹಾಗೂ ಒಡೆಯಬಹುದು, ಆದರೆ 9:10ರಿಂದ 20 ನಿಮಿಷ ಹಿಂದೆ ಹೋಗುವಾಗ ನಡುವೆ 9:00 ದಾಟುತ್ತದೆ. ಮಗು ಎಡವುವುದು ಆ ದಾಟುವಿಕೆಯಲ್ಲೇ. ಆದ್ದರಿಂದ ಮೊದಲ ಹೆಜ್ಜೆ ಸರಿಯಾಗಿ 9:00ರಲ್ಲಿ ಊರಬೇಕು. 9:10ರಲ್ಲಿ ಗಂಟೆ ಮೀರಿ ನಿಂತ ನಿಮಿಷ 10. ಆ ಹತ್ತನ್ನು ಮೊದಲು ತೆಗೆದರೆ 9:00. ಉಳಿದ 15ನ್ನು ಅಲ್ಲಿಂದ ಹಿಂದೆ ಇಟ್ಟರೆ 8:45.

ಹೀಗೆ ನೆನಪಿಡಬಹುದು: ಮುಂದಕ್ಕೆ ಹೋಗುವಾಗ ಗಂಟೆ ತುಂಬಲು ಎಷ್ಟು ಕಡಿಮೆಯಿದೆ ಎಂದು ನೋಡು, ಹಿಂದಕ್ಕೆ ಹೋಗುವಾಗ ಗಂಟೆ ಮೀರಿ ಎಷ್ಟು ಹೆಚ್ಚಿದೆ ಎಂದು ನೋಡು. 9:10 ಎಂದ ಕೂಡಲೇ ಮುಂದಕ್ಕಾದರೆ 50, ಹಿಂದಕ್ಕಾದರೆ 10. ಒಂದೇ ಸಮಯಕ್ಕೆ ಈ ಎರಡು ಸಂಖ್ಯೆಗಳನ್ನು ಹೇಳಿಸುವ ಬಾಯಿಲೆಕ್ಕವನ್ನು ದಿನವೂ ಐದು ನಿಮಿಷ ಮಾಡಿಸಿ. ಇದಕ್ಕೆ ಸಮನಾದ ಅಭ್ಯಾಸ ಬೇರೆ ಇಲ್ಲವೆಂದೇ ನನ್ನ ನಂಬಿಕೆ. ಕೊನೆಗೆ 8:45ಕ್ಕೆ 2 ಗಂಟೆ 25 ನಿಮಿಷ ಕೂಡಿಸಿ ಮತ್ತೆ 11:10 ಬರುವುದನ್ನು ಮಗುವಿನ ಕೈಯಿಂದಲೇ ತಾಳೆ ನೋಡಿಸಿ.

ಹನ್ನೆರಡನ್ನು ದಾಟುವುದು

ಹನ್ನೆರಡರ ನಂತರ ಹದಿಮೂರು ಬರದೆ ಒಂದು ಬರುತ್ತದೆ. ಇದಕ್ಕೆ ಕಾರವಾರದ ಕಡಲೇ ಒಳ್ಳೆಯ ಲೆಕ್ಕ ಕೊಡುತ್ತದೆ. ಸಮುದ್ರದ ಉಬ್ಬರ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ಹಾದಿಯಲ್ಲಿ ಮುಂದೆ ಸರಿದಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಅಷ್ಟು ಹೊತ್ತು ಬೇಕು. ಇಂದು ಬೆಳಿಗ್ಗೆ 11:30ಕ್ಕೆ ಉಬ್ಬರವಾದರೆ ನಾಳೆ? 30 ನಿಮಿಷಕ್ಕೆ 12:00, ಉಳಿದ 20ಕ್ಕೆ 12:20. ಮೀನುಗಾರರ ಮನೆಯ ಮಕ್ಕಳು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ, ಅವರಿಂದಲೇ ಹೇಳಿಸಿ. ಎರಡು ಉಬ್ಬರಗಳ ನಡುವಿನ ಅಂತರ 50 ನಿಮಿಷವೇ ಎಂದು ಯಾರಾದರೂ ಕೇಳಿದರೆ ಸಂತೋಷಪಡಿ: ಇಂದಿನ ಈ ಉಬ್ಬರದಿಂದ ನಾಳೆಯದಕ್ಕೆ 24 ಗಂಟೆ 50 ನಿಮಿಷ, ನಡುವೆ ಇನ್ನೊಂದು ಉಬ್ಬರ ಬಂದು ಹೋಗಿರುತ್ತದೆ.

ನಡುರಾತ್ರಿ ದಾಟಲು ಯಕ್ಷಗಾನ ಸಾಕು. ರಾತ್ರಿ 9:30ಕ್ಕೆ ಆರಂಭ, ಬೆಳಗಿನ 5:45ಕ್ಕೆ ಮಂಗಳ. 10:00ಕ್ಕೆ 30 ನಿಮಿಷ, 12:00ಕ್ಕೆ 2 ಗಂಟೆ, ಆಮೇಲೆ 5 ಗಂಟೆ 45 ನಿಮಿಷ. 30 ಮತ್ತು 45 ಸೇರಿ 75. ಅರವತ್ತನ್ನು ಗಂಟೆಯಾಗಿಸಿದರೆ ಒಟ್ಟು 8 ಗಂಟೆ 15 ನಿಮಿಷ. ರೈಲಿನ ವೇಳಾಪಟ್ಟಿಯಲ್ಲಿ ಇದೇ 9:30, 21:30 ಆಗಿರುತ್ತದೆ. ಗೆರೆಯ ಮೇಲೆ ನಡುರಾತ್ರಿಯ ನಿಲುಗಡೆಗೆ 24:00 ಎಂದು ಬರೆದುಕೊಂಡರೆ ಉಳಿದ ಕ್ರಮವೆಲ್ಲ ಹಾಗೆಯೇ.