ಅಳಿವೆಯಲ್ಲಿ ಸಿಕ್ಕಿಕೊಂಡ ಬೋಟು ಆರು ಗಂಟೆ ಕಾದರೆ ತೇಲುತ್ತದೆಯೇ?

ಪ್ರಶ್ನೆ: ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಬಾಯಲ್ಲಿ, ಬೋಟು ಮರಳದಿಬ್ಬಕ್ಕೆ ಸಿಕ್ಕಿಕೊಂಡರೆ ಅಷ್ಟೊಂದು ಗಾಬರಿ ಯಾಕೆ? ಆರು ಗಂಟೆ ಕಾದರೆ ಉಬ್ಬರ ಬಂದು ತಾನಾಗಿಯೇ ತೇಲುತ್ತದೆ ಅಲ್ವಾ?

ಉತ್ತರ: ಗಂಗೊಳ್ಳಿಯಲ್ಲೋ ಬೆಂಗ್ರೆಯಲ್ಲೋ ಹೊನ್ನಾವರದಲ್ಲೋ ಬೋಟೊಂದು ಸಿಕ್ಕಿಕೊಂಡ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ಉತ್ತರ ಬರೆಯುತ್ತೇನೆ. ಮುಂದಿನ ಸುದ್ದಿಗೆ ಮತ್ತೆ ಅದೇ ‘ಆರು ಗಂಟೆ’. ಈ ಸಲ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಒಂದು ಉಬ್ಬರದ ತುದಿಯಿಂದ ಮುಂದಿನ ಉಬ್ಬರದ ತುದಿಗೆ ಸುಮಾರು 12 ಗಂಟೆ 25 ನಿಮಿಷ. ಅದರ ಅರ್ಧ, ಅಂದರೆ ಆರು ಗಂಟೆಗೆ ಸ್ವಲ್ಪ ಜಾಸ್ತಿ, ನೀರು ಇಳಿಯುವ ಹೊತ್ತು. ಉಳಿದರ್ಧ ಏರುವ ಹೊತ್ತು. ‘ಆರು ಗಂಟೆ’ ಹುಟ್ಟಿದ್ದು ಇಲ್ಲಿಂದ. ಆದರೆ ಬೋಟು ಯಾವಾಗ ಸಿಕ್ಕಿಕೊಂಡಿತು ಎಂದು ಯಾರೂ ಕೇಳುವುದೇ ಇಲ್ಲ!

ನೀರು ಏರುತ್ತಿರುವಾಗ ಸಿಕ್ಕಿಕೊಂಡರೆ ಆರು ಗಂಟೆ ಬೇಕಾಗಿಲ್ಲ. ಕೆಲವೊಮ್ಮೆ ಅರ್ಧ ಗಂಟೆ ಸಾಕು. ಉಬ್ಬರ ತುದಿ ಮುಟ್ಟಿ ಒಂದು ಗಂಟೆ ಕಳೆದ ಮೇಲೆ ಸಿಕ್ಕಿಕೊಂಡಿತು ಅಂತಿಟ್ಟುಕೊಳ್ಳಿ. ಆಗ ಇದ್ದಷ್ಟು ನೀರು ಮತ್ತೆ ಬರುವುದು ಮುಂದಿನ ಉಬ್ಬರಕ್ಕೆ ಒಂದು ಗಂಟೆ ಮೊದಲು. ಅಂದರೆ ಸುಮಾರು ಹತ್ತೂವರೆ ಗಂಟೆ ಕಾಯಬೇಕು. ಎರಡು ಗಂಟೆ ಕಳೆದ ಮೇಲಾದರೆ ಸುಮಾರು ಎಂಟೂವರೆ ಗಂಟೆ. ಮೂರು ಗಂಟೆ ಕಳೆದ ಮೇಲಾದರೆ ಮಾತ್ರ ನಿಮ್ಮ ಆರು ಗಂಟೆಯ ಹತ್ತಿರ ಬರುತ್ತದೆ. ಅದೂ ಮುಂದಿನ ಉಬ್ಬರ ಹಿಂದಿನದರಷ್ಟೇ ಎತ್ತರಕ್ಕೆ ಬಂದರೆ.

ಬರುವುದಿಲ್ಲ ಎನ್ನುವುದೇ ತೊಂದರೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರದವಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡ ಉಬ್ಬರದ ತುದಿಯಲ್ಲಿ ಒಳಗೆ ಬರಲು ಹೋಗಿ ಸಿಕ್ಕಿಕೊಂಡ ಬೋಟಿಗೆ ಮುಂದಿನ ಚಿಕ್ಕ ಉಬ್ಬರ ಸಾಕಾಗುವುದಿಲ್ಲ. ಮರುದಿನದ ದೊಡ್ಡ ಉಬ್ಬರದವರೆಗೆ, ಸುಮಾರು 25 ಗಂಟೆ, ಕಾಯಬೇಕು. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಎರಡು ಮೂರು ದಿನವಾಗಿದ್ದರೆ ಮರುದಿನದ ದೊಡ್ಡ ಉಬ್ಬರವೂ ನಿನ್ನೆಯದಕ್ಕಿಂತ ಕೆಳಗೇ ನಿಲ್ಲುತ್ತದೆ. ಆಚೆ ದಿನ ಇನ್ನೂ ಕೆಳಗೆ. ಅಷ್ಟಮಿಯ ಆಸುಪಾಸಿನವರೆಗೆ ಹೀಗೇ ಕುಗ್ಗುತ್ತಾ ಹೋಗಿ ಆಮೇಲೆ ಏರತೊಡಗುತ್ತದೆ. ಹಳೆಯ ಎತ್ತರಕ್ಕೆ ನೀರು ಮರಳಲು ಹತ್ತಿರಹತ್ತಿರ ಹದಿನೈದು ದಿನ ಬೇಕು. ಆರು ಗಂಟೆ ಎಲ್ಲಿ, ಹದಿನೈದು ದಿನ ಎಲ್ಲಿ!

ಹಾಗಾಗಿ ‘ನೀರು ತುಂಬಿದಾಗ ಸಿಕ್ಕಿಕೊಂಡಿದೆ, ಚಿಂತೆ ಇಲ್ಲ’ ಎನ್ನುವ ಮಾತು ಪೂರ್ತಿ ತಲೆಕೆಳಗು. ಹುಣ್ಣಿಮೆಯ ತುಂಬು ಉಬ್ಬರದಲ್ಲಿ ಸಿಕ್ಕಿಕೊಳ್ಳುವುದೇ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕಿಂತ ಮೇಲೆ ಬರಲು ನೀರೇ ಇರುವುದಿಲ್ಲ. ಇಳಿತದ ಕೊನೆಯಲ್ಲಿ ಸಿಕ್ಕಿಕೊಂಡವನು ಅದೃಷ್ಟವಂತ. ಅವನಿಗೆ ಮುಂದೆ ಬರುವುದೆಲ್ಲ ಏರುವ ನೀರೇ.

2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ಅಡ್ಡಸಿಕ್ಕಿದ ‘ಎವರ್ ಗಿವನ್’ ಹಡಗು ನೆನಪಿದೆಯಲ್ಲ? ಟಗ್‌ಗಳು ದಿನಗಟ್ಟಲೆ ಎಳೆದವು. ಡ್ರೆಜ್ಜರ್‌ಗಳು ಮೂತಿಯ ಕೆಳಗಿನ ಮರಳು ತೆಗೆದವು. ಹುಣ್ಣಿಮೆ ಬಿದ್ದದ್ದು 28ಕ್ಕೆ, ಹಡಗು ಬಿಡಿಸಿಕೊಂಡದ್ದು 29ಕ್ಕೆ. ಅಲ್ಲಿನ ತಜ್ಞರು ಆ ದೊಡ್ಡ ಉಬ್ಬರಕ್ಕಾಗಿಯೇ ಕಾದಿದ್ದರು. ಹುಣ್ಣಿಮೆಗೆ ಕೆಲವು ದಿನ ಮೊದಲು ಸಿಕ್ಕಿಕೊಂಡಿದ್ದು ಅವರಿಗೆ ಅನುಕೂಲವಾಯಿತು. ಹುಣ್ಣಿಮೆ ಕಳೆದ ಮೇಲಾಗಿದ್ದರೆ ಕೆಲಸ ಇನ್ನೂ ಕಷ್ಟವಾಗುತ್ತಿತ್ತು.

ನಮ್ಮಲ್ಲಿ ಇನ್ನೊಂದು ಇಕ್ಕಟ್ಟಿದೆ. ಗುಜರಾತಿನ ಭಾವನಗರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರ್ ಆಸುಪಾಸಿನ ವ್ಯತ್ಯಾಸ. ಮಂಗಳೂರಲ್ಲಿ ಹುಣ್ಣಿಮೆಯ ಹೊತ್ತಿಗೂ ಒಂದರಿಂದ ಒಂದೂವರೆ ಮೀಟರ್ ಅಷ್ಟೇ. ಕಾರವಾರದಲ್ಲಿ ಸ್ವಲ್ಪ ಜಾಸ್ತಿ. ಇಷ್ಟು ಚಿಕ್ಕ ಏರಿಳಿತದಲ್ಲಿ ಒಂದು ಗೇಣು ನೀರು ಕಡಿಮೆಯಾದರೂ ಬೋಟು ಅಲ್ಲಾಡುವುದಿಲ್ಲ.

ಇಷ್ಟೆಲ್ಲ ಲೆಕ್ಕ ಬೋಟು ಸುಮ್ನೆ ಕೂತಿರುತ್ತದೆ ಎಂದುಕೊಂಡು ಹಾಕಿದ್ದು. ಅಳಿವೆ ಬಾಗಿಲಲ್ಲಿ ಸುಮ್ನೆ ಕೂರಲು ಸಮುದ್ರ ಬಿಡುವುದಿಲ್ಲ. ಇಳಿತದ ಹೊತ್ತಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ. ಸಮುದ್ರದ ತೆರೆ ಒಳಗೆ ನುಗ್ಗುತ್ತದೆ. ಎರಡೂ ಎದುರಾದಲ್ಲಿ ತೆರೆ ಗಿಡ್ಡವಾಗಿ, ಕಡಿದಾಗಿ ಎದ್ದು ಒಡೆಯುತ್ತದೆ. ಪ್ರತಿ ತೆರೆಯೂ ಬೋಟನ್ನು ಎತ್ತಿ ಮರಳಿನ ಮೇಲೆ ಕುಕ್ಕುತ್ತದೆ. ಮರದ ಬೋಟಾದರೆ ಹಲಗೆಗಳ ಸಂದು ಬಿಡುತ್ತದೆ. ಬೋಟು ತೆರೆಗೆ ಅಡ್ಡ ತಿರುಗಿದರೆ ಮಗುಚುತ್ತದೆ. ಬೋಟಿನ ಸುತ್ತಲಿನ ಮರಳನ್ನು ನೀರು ಕೊರೆದು, ತಳ ಇನ್ನೂ ಕೆಳಗೆ ಹೂತುಕೊಳ್ಳುತ್ತದೆ. ಗೋವಾದ ಕಾಂಡೋಲಿಮ್ ಬೀಚಿನಲ್ಲಿ 2000ನೇ ಇಸವಿಯ ಮಳೆಗಾಲದಲ್ಲಿ ನೆಲ ಹಿಡಿದ ‘ರಿವರ್ ಪ್ರಿನ್ಸೆಸ್’ ಹಡಗು ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ಇತ್ತು. ಎಷ್ಟೋ ಹುಣ್ಣಿಮೆಗಳು ಬಂದು ಹೋದವು.

ಮತ್ತೇನು ಮಾಡಬೇಕು? ಮೊದಲು ಎಲ್ಲರಿಗೂ ಲೈಫ್ ಜಾಕೆಟ್. ತಳದಲ್ಲಿ ನೀರು ಬರುತ್ತಿದೆಯೇ ನೋಡಬೇಕು. ನೀರು ಬರುತ್ತಿರುವ ಬೋಟನ್ನು ಆಳಕ್ಕೆ ಎಳೆದರೆ ಮುಳುಗುತ್ತದೆ. ರಿವರ್ಸ್ ಹಾಕಿ ಎಂಜಿನ್ ರೇಗಿಸುತ್ತಲೇ ಇರಬಾರದು. ಪ್ರೊಪೆಲ್ಲರ್ ಕೆದಕಿದ ಮರಳು ಬೋಟಿನಡಿಯೇ ಗುಡ್ಡೆಯಾಗುತ್ತದೆ. ಕೂಲಿಂಗ್‌ಗೆ ಹೊರಗಿನ ನೀರು ಎಳೆಯುವ ಎಂಜಿನ್‌ಗೆ ಮರಳೂ ಹೋಗುತ್ತದೆ. ಸಣ್ಣ ದೋಣಿ ಸಿಕ್ಕರೆ ಲಂಗರನ್ನು ಆಳದ ಕಡೆ ಒಯ್ದು ಹಾಕಿ ಹಗ್ಗ ಬಿಗಿ ಮಾಡಿ. ಬೋಟು ಇನ್ನೂ ಮೇಲೆ ಹತ್ತದಂತೆ ಅದು ಹಿಡಿಯುತ್ತದೆ. ಐಸು, ಮೀನು ಇಳಿಸಿದರೆ ಭಾರ ಕಡಿಮೆ. ಮೀನು ಚೆಲ್ಲಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಚೆಲ್ಲಿ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ 1093. ಬೋಟು ಓಲಾಡತೊಡಗುವ ಮೊದಲೇ ಫೋನ್ ಮಾಡಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾರೂ ಕೇಳದ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಡ್ರೆಜ್ಜಿಂಗ್ ಮಾಡಿಸಿದ ಅಳಿವೆ ಮತ್ತೆ ಮತ್ತೆ ಯಾಕೆ ತುಂಬುತ್ತದೆ? ‘ಸರಿಯಾಗಿ ಮಾಡಿಲ್ಲ’ ಅಂದುಬಿಡುವುದು ಸುಲಭ. ಸರಿಯಾಗಿ ಮಾಡಿದರೂ ತುಂಬುತ್ತದೆ. ಮಳೆಗಾಲದಲ್ಲಿ ಹೊಳೆ ಮಣ್ಣು ತರುತ್ತದೆ. ತೆರೆಗಳು ದಡದುದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತವೆ. ತೋಡಿದ ಕಾಲುವೆಯ ಆಳದಲ್ಲಿ ನೀರಿನ ವೇಗ ತಗ್ಗುತ್ತದೆ, ಮರಳು ಅಲ್ಲೇ ಕೂರುತ್ತದೆ. ಅದನ್ನು ಮತ್ತೆ ಹೊರಗೆ ತಳ್ಳುವ ಕೆಲಸ ಇಳಿತದ ನೀರಿನದು. ಉಬ್ಬರದಲ್ಲಿ ಎಷ್ಟು ನೀರು ಒಳಗೆ ಹೋಗುತ್ತದೋ ಇಳಿತದ ಬಲ ಅಷ್ಟು. ಆ ನೀರು ನಿಲ್ಲುವ ಜಾಗ ಯಾವುದು? ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅಘನಾಶಿನಿ ದಡದ, ಉಪ್ಪುನೀರು ಬಂದುಹೋಗುವ ಗಜನಿ ಗದ್ದೆಗಳಂಥ ತಗ್ಗು. ಅಲ್ಲಿಗೆ ಮಣ್ಣು ತುಂಬಿದರೆ, ಒಡ್ಡು ಕಟ್ಟಿ ಉಪ್ಪುನೀರನ್ನು ಪೂರ್ತಿ ತಡೆದರೆ, ಒಳಗೆ ಹೋಗುವ ನೀರು ಕಡಿಮೆಯಾಗುತ್ತದೆ. ಕೆಲವು ಕಿಲೋಮೀಟರ್ ಆಚೆಯ ಅಳಿವೆ ಬಾಯಿ ಕಿರಿದಾಗುತ್ತದೆ. ಹೂಳಿನ ಸಭೆಗಳಲ್ಲಿ ಡ್ರೆಜ್ಜರ್ ಬಗ್ಗೆ ಎಷ್ಟು ಮಾತಾಗುತ್ತದೋ ಇದರ ಬಗ್ಗೆಯೂ ಅಷ್ಟೇ ಆಗಬೇಕು.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳಲ್ಲೇ ಹೊಳೆಯೂ ಸಮುದ್ರವೂ ಸೇರಿ ಅಳಿವೆಯ ತಳವನ್ನು ಬದಲಿಸಿಬಿಡುತ್ತವೆ. ಮೇ ತಿಂಗಳಲ್ಲಿ ಕಣ್ಣುಮುಚ್ಚಿ ಬೋಟು ತಂದ ತಂಡೇಲನಿಗೂ (ಬೋಟು ನಡೆಸುವವನಿಗೂ) ಆಗಸ್ಟ್‌ನಲ್ಲಿ ಅದು ಹೊಸ ಜಾಗ. ಉಬ್ಬರದ ಪಟ್ಟಿ ನೀರಿನ ಎತ್ತರ ಹೇಳುತ್ತದೆ, ಮರಳದಿಬ್ಬ ಎಲ್ಲಿಗೆ ಸರಿದಿದೆ ಎಂದು ಹೇಳುವುದಿಲ್ಲ. ಹಾಗಾಗಿ ದೊಡ್ಡ ಬೋಟುಗಳು ಹೊರಡುವ ಮೊದಲು, ಇಳಿತದ ಹೊತ್ತಲ್ಲಿ, ಸಣ್ಣ ದೋಣಿಯಲ್ಲಿ ಹೋಗಿ ಆಳ ಅಳೆಯಬೇಕು. ಒಳಗೆ ಬರುವುದಕ್ಕೆ ಏರುವ ನೀರಿನ ಕೊನೆಯ ಎರಡು ಗಂಟೆ ಒಳ್ಳೆಯದು, ತುದಿಗೆ ಇನ್ನೂ ಸ್ವಲ್ಪ ಉಳಿದಿರುವಾಗಲೇ. ತಳ ತಾಗಿದರೂ ಎತ್ತಲು ನೀರು ಬಾಕಿ ಇರುತ್ತದೆ.