ದನಿ ತಗ್ಗಿಸಿ, ಅಳಿಸಬೇಡಿ

"ಹಿಂದೆ ಕೇಳ್ತಿರೋ ಆ ಗಲಾಟೆ ಪೂರ್ತಿ ತೆಗೆದುಬಿಡಿ ಸಾರ್, ನಮ್ಮ ಕನ್ನಡ ಮಾತ್ರ ಕೇಳಲಿ."

ಡಾಕ್ಯುಮೆಂಟರಿಗಳಿಗೆ ಕನ್ನಡ ಸ್ಕ್ರಿಪ್ಟ್ ಬರೆಯುವ ನನಗೆ, ಕೆಲಸ ಕೊಡುವವರಿಂದ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಅವರು ಗಲಾಟೆ ಅನ್ನುವುದು ಯಾವುದನ್ನು ಗೊತ್ತಾ? ತೆರೆಯ ಮೇಲೆ ಕೂತು ಮಾತಾಡುತ್ತಿರುವ ಮನುಷ್ಯನ ಸ್ವಂತ ದನಿಯನ್ನು.

ಜನರ ಬದುಕು, ಊಟ, ಕಸುಬು ತೋರಿಸಲೆಂದೇ ಇರುವ ಪೇ ಚಾನೆಲ್‌ಗಳಿವೆ. ಹಲವು ದೇಶಗಳಲ್ಲಿ ಬರುತ್ತಿದ್ದ ನ್ಯಾಟ್ ಜಿಯೋ ಪೀಪಲ್ ಅಂಥದ್ದು. ಇಂಥ ಚಾನೆಲ್‌ಗಳ ಕಾರ್ಯಕ್ರಮ ಹತ್ತಾರು ದೇಶಕ್ಕೆ ಹೋಗುತ್ತದೆ. ಚಿತ್ರ ಅದೇ, ಆಡಿಯೋ ಟ್ರ್ಯಾಕ್ ಮಾತ್ರ ಬೇರೆ ಬೇರೆ. ಹಾಗಾಗಿ ಆಡಿಯೋದಲ್ಲಿ ನಾವು ಕೆಡಿಸಿದ್ದನ್ನು ಸರಿಮಾಡಲು ಚಿತ್ರಕ್ಕೆ ಆಗುವುದಿಲ್ಲ.

ವಾಯ್ಸ್‌ಓವರ್‌ಗೆ, ಅಂದರೆ ಮೂಲ ದನಿಯ ಮೇಲೆ ಅನುವಾದ ಓದಿ ಕೂರಿಸುವುದಕ್ಕೆ, ಒಂದು ಲೆಕ್ಕ ಇದೆ. ವ್ಯಕ್ತಿ ಬಾಯಿ ತೆರೆದಾಗ ಮೊದಲ ಒಂದೆರಡು ಸೆಕೆಂಡ್ ಅವರ ದನಿಯೇ ಪೂರ್ತಿ ಕೇಳಬೇಕು. ಆಮೇಲೆ ಅದನ್ನು ತಗ್ಗಿಸಿ ಮೇಲೆ ಕನ್ನಡ ಕೂರಿಸಬೇಕು. ಕನ್ನಡ ಸ್ವಲ್ಪ ಬೇಗ ಮುಗಿಯಬೇಕು, ಕೊನೆಯ ಪದಗಳು ಮತ್ತೆ ಅವರ ಬಾಯಲ್ಲೇ ಕೇಳಬೇಕು. ಅವರು ಎಂಟು ಸೆಕೆಂಡ್ ಮಾತಾಡಿದರೆ ನನಗೆ ಸಿಗುವುದು ಐದು. ಅದಕ್ಕೇ ನನ್ನ ವಾಕ್ಯಗಳು ಚಿಕ್ಕವು. ಅನುವಾದ ಕಮ್ಮಿ ಆಯ್ತು ಅನ್ನುವವರು ದಯವಿಟ್ಟು ಇದನ್ನು ನೆನಪಿಡಿ.

ಮತ್ತೆ ಹೇಳುತ್ತೇನೆ. ತಗ್ಗಿಸುವುದು ಬೇರೆ, ಅಳಿಸುವುದು ಬೇರೆ. ಹೊಲದಲ್ಲೋ ಅಂಗಳದಲ್ಲೋ ರೆಕಾರ್ಡ್ ಮಾಡಿದ ಮಾತಿನ ಜೊತೆ ಬಳೆ ಸದ್ದು, ಕೋಳಿ ಕೂಗು, ಒರಳಿನ ಗುದ್ದು ಎಲ್ಲ ಅದೇ ಮೈಕಿನಲ್ಲಿ ಸೇರಿರುತ್ತವೆ. ಮಾತು ತೆಗೆದರೆ ಅವೂ ಜೊತೆಗೇ ಹೋಗುತ್ತವೆ. ಮಾತಿಲ್ಲದೆ ಬರೀ ಸಂಗೀತ, ಸದ್ದು ಇರುವ ಎಂ ಅಂಡ್ ಇ ಟ್ರ್ಯಾಕ್ ಕಳಿಸುತ್ತಾರೆ, ನಿಜ. ಆದರೆ ಮಾತಿನ ಜೊತೆ ಹೋದ ಸದ್ದುಗಳನ್ನು ಅದರಲ್ಲಿ ಮತ್ತೆ ಎಷ್ಟು ಚೆನ್ನಾಗಿ ತುಂಬಿಸಿದ್ದಾರೆ ಎಂಬುದು ಆಯಾ ನಿರ್ಮಾಪಕರ ಮೇಲೆ ನಿಂತಿದೆ. ಸರಿಯಾಗಿ ತುಂಬದಿದ್ದರೆ ಊರಿನ ಮನೆ ಸ್ಟುಡಿಯೋ ಆಗಿಬಿಡುತ್ತದೆ.

ಒಮ್ಮೆ ಹೀಗಾಯಿತು. ಕಸುಬುಗಳ ಬಗ್ಗೆ ಒಂದು ಇಂಗ್ಲಿಷ್ ಕಾರ್ಯಕ್ರಮ. ನನಗೆ ಬಂದ ಸ್ಕ್ರಿಪ್ಟ್‌ನಲ್ಲಿ, "ಈ ಹೊದಿಕೆಗಳು ನಮ್ಮ ತಾಯಂದಿರ ನೆನಪನ್ನು ಹೊತ್ತಿವೆ" ಎಂಬರ್ಥದ ಸಾಲಿತ್ತು. ಹಾಗೇ ಕನ್ನಡ ಮಾಡಿ ಮುಗಿಸಿದ್ದೆ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದರೆ, ಇಂಗ್ಲಿಷಿನ ಕೆಳಗೆ ಮೆಲ್ಲಗೆ ಕನ್ನಡ! ಧಾರವಾಡ ಕಡೆಯ ಒಬ್ಬ ಅಜ್ಜಿ. ಹಳೆ ಬಟ್ಟೆಗಳ ಹೊದಿಕೆ, ಅಂದರೆ ಕೌದಿ, ಹೊಲಿಯುತ್ತಾ ಹೇಳುತ್ತಿದ್ದರು: "ನಮ್ಮವ್ವನ ಸೀರಿ ಇದರಾಗ ಐತ್ರಿ. ಥಂಡಿ ಆದ್ರ ಅಕಿನ್ನ ಹೊಚ್ಗೊಂಡಂಗ ಆಗತೈತಿ."

ನನಗೆ ಕಣ್ಣು ತುಂಬಿತು. ಇಂಥ ಮಾತಿನ ಮೇಲೆ ನನ್ನ ಒಣ ವಾಕ್ಯ ಯಾಕೆ? ಅಂದರೂ ಕೆಲಸ ಕೊಟ್ಟವರು, "ಭಾಷೆ ಸ್ವಲ್ಪ ಒರಟು, ಶುದ್ಧ ಕನ್ನಡದಲ್ಲಿ ಡಬ್ ಮಾಡೋಣ" ಎಂದರು. ಅವತ್ತು ನಾನು ಒಪ್ಪಲಿಲ್ಲ. ಅಜ್ಜಿಯ ಸಾಲು ಹಾಗೇ ಉಳಿಯಿತು.

ನಾನು ಡಬ್ಬಿಂಗ್ ವಿರೋಧಿಯಲ್ಲ. ಓದು ಬಾರದವರಿಗೆ, ಕಣ್ಣು ಕಾಣದವರಿಗೆ, ಮಕ್ಕಳಿಗೆ ಸಬ್‌ಟೈಟಲ್ ಸಾಲದು. ಕಾರ್ಟೂನಿಗೆ, ಕಥೆಯ ಚಿತ್ರಕ್ಕೆ ತುಟಿಯ ಚಲನೆಗೆ ಮಾತು ಹೊಂದಿಸುವ ಲಿಪ್‌ಸಿಂಕ್ ಡಬ್ಬಿಂಗ್ ಸರಿ ಇರಬಹುದು. ನಿಜವಾದ ಜನ ತಮ್ಮ ಬದುಕು ಹೇಳುವಾಗ ಮಾತ್ರ ಸಾಮಾನ್ಯವಾಗಿ ಅದು ಹೊಂದುವುದಿಲ್ಲ.

ಆದ್ದರಿಂದ ಕೆಲಸ ಕೊಡುವಾಗ ಇಂಗ್ಲಿಷ್ ಸ್ಕ್ರಿಪ್ಟ್ ಒಂದನ್ನೇ ಕಳಿಸಬೇಡಿ. ಆ ವ್ಯಕ್ತಿ ತನ್ನ ಭಾಷೆಯಲ್ಲಿ ಏನಂದರು ಎಂಬುದರ ಬರಹ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಇಂಗ್ಲಿಷ್ ಹಾಕುವ ಮೊದಲಿನ ಆಡಿಯೋ ಆದರೂ ಕಳಿಸಿ. ಅದಕ್ಕೆ ಎರಡು ದಿನ ಜಾಸ್ತಿ ಹಿಡಿದರೆ ನಾನು ಕಾಯುತ್ತೇನೆ.