ಮುರಕಲ್ಲಿನ ಗೋಡೆಯಲ್ಲಿ ಮೊಳೆ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ. ಕಟ್ಟು ಹಾಕಿಸಿದ ದೊಡ್ಡ ಫೋಟೊವನ್ನು ಚಾವಡಿಯಲ್ಲಿ ತೂಗುಹಾಕಬೇಕು. ಎರಡೂವರೆ ಇಂಚಿನ ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಮೊಳೆ ಅಲುಗಾಡುತ್ತದೆ. ನಾಲ್ಕು ಇಂಚಿನದ್ದು ಹೊಡೆಯಬೇಕೇ?

ಉತ್ತರ: ಬೇಡ.

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹೊಸ ಮನೆಗಳ ಒಕ್ಕಲು ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಬರುವಾಗ ತನ್ನ ಉತ್ತರವನ್ನೂ ಹೊತ್ತೇ ತರುತ್ತದೆ: ಇನ್ನೂ ಉದ್ದದ ಮೊಳೆ. ಯಾರು ಹೇಳಿದರು ಎಂದು ಕೇಳಿದರೆ ಮೇಸ್ತ್ರಿ, ಭಾವ, ಪಕ್ಕದ ಮನೆಯವರು, ಹೀಗೆ ಊರೇ ಸಾಕ್ಷಿಗೆ ನಿಲ್ಲುತ್ತದೆ. ನಾಲ್ಕು ಇಂಚಿನದ್ದೂ ಅಲುಗಾಡಿದಾಗ ಅದೇ ಊರು ಆರು ಇಂಚಿನದ್ದನ್ನು ಸೂಚಿಸುತ್ತದೆ. ಮೊಳೆ ಉದ್ದವಾದಷ್ಟೂ ಗಟ್ಟಿ ಎಂಬ ಈ ನಂಬಿಕೆಯನ್ನು ಕೀಳದೆ ಫೋಟೊದ ಮಾತು ಆಡಿ ಪ್ರಯೋಜನವಿಲ್ಲ. ಆದ್ದರಿಂದ ಸ್ವಲ್ಪ ತಾಳ್ಮೆ ಇರಲಿ.

ಆ ನಂಬಿಕೆ ಹುಟ್ಟಿದ್ದು ಮರದ ಕೆಲಸದಲ್ಲಿ, ಅಲ್ಲಿ ಅದು ಸರಿಯೂ ಹೌದು. ಮರಕ್ಕೆ ನಾರಿದೆ. ಮೊಳೆ ಒಳಗೆ ಹೋಗುವಾಗ ನಾರುಗಳು ಪಕ್ಕಕ್ಕೆ ಸರಿಯುತ್ತವೆ, ಆಮೇಲೆ ಹಿಂದಕ್ಕೆ ಒತ್ತಿ ಮೊಳೆಯನ್ನು ಕಚ್ಚಿ ಹಿಡಿಯುತ್ತವೆ. ಉದ್ದ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಮುರಕಲ್ಲಿಗೆ ನಾರು ಎಲ್ಲಿಂದ ಬರಬೇಕು? ಅದು ಸರಿಯುವುದಿಲ್ಲ, ಹಿಂದಕ್ಕೆ ಒತ್ತುವುದೂ ಇಲ್ಲ, ಪುಡಿಯಾಗುತ್ತದೆ, ಅಷ್ಟೆ. ಸುತ್ತಿಗೆಯ ಪ್ರತಿ ಪೆಟ್ಟಿಗೂ ಮೊಳೆಯ ಸುತ್ತ ಕೆಂಪು ಹುಡಿ ಕೂಡುತ್ತ ಹೋಗುತ್ತದೆ. ಕೊನೆಗೆ ನಿಮ್ಮ ಮೊಳೆ ಒಣ ಹೊಯಿಗೆಗೆ ಚುಚ್ಚಿದ ಕೋಲಿನಂತೆ ನಿಂತಿರುತ್ತದೆ.

ಉದ್ದದ ಮೊಳೆಯಿಂದ ಇದು ಇನ್ನಷ್ಟು ಕೆಡುತ್ತದೆ. ಅದು ದಪ್ಪವೂ ಇರುವುದರಿಂದ ಹೆಚ್ಚು ಕಲ್ಲು ಪುಡಿಯಾಗುತ್ತದೆ. ಹೆಚ್ಚು ಪೆಟ್ಟು ಬೇಕಾಗುತ್ತದೆ, ಪ್ರತಿ ಪೆಟ್ಟಿಗೂ ತಲೆ ಅತ್ತಿತ್ತ ಓಲಾಡಿ ತೂತಿನ ಬಾಯಿ ಅಗಲವಾಗುತ್ತದೆ. ಗಾರೆ ಹಾಳೆಯಾಗಿ ಎದ್ದು ಬರುವುದು ಈ ಓಲಾಟದಿಂದಲೇ.

ಇನ್ನೊಂದು ಮುಖ್ಯ ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಗೋಡೆಯ ಒಳಗೆ ಎಷ್ಟು ಹೋಯಿತು ಎಂದು ಎಲ್ಲರೂ ಅಳೆಯುತ್ತಾರೆ, ಹೊರಗೆ ಎಷ್ಟು ಉಳಿಯಿತು ಎಂದು ಅಳೆಯುವವರಿಲ್ಲ. ಗೋಡೆಗೆ ಅಂಟಿಕೊಂಡು ತೂಗುವ ಚಿತ್ರ ಮೊಳೆಯನ್ನು ಮುಂದಕ್ಕೆ ಕೀಳುವುದಕ್ಕಿಂತ ಕೆಳಕ್ಕೆ ಜಗ್ಗುವುದೇ ಹೆಚ್ಚು. ಐದು ಕಿಲೋದ ಚಿತ್ರವನ್ನು ಗೋಡೆಯಿಂದ ಒಂದು ಸೆಂಟಿಮೀಟರ್ ಹೊರಗೆ ತೂಗಿಸಿದರೆ ಆಗುವ ಮಣಿತಕ್ಕೂ (ಮೊಳೆಯನ್ನು ಬುಡದಲ್ಲಿ ಬಗ್ಗಿಸುವ ಒತ್ತಡಕ್ಕೂ) ನಾಲ್ಕು ಸೆಂಟಿಮೀಟರ್ ಹೊರಗೆ ತೂಗಿಸಿದರೆ ಆಗುವ ಮಣಿತಕ್ಕೂ ನಾಲ್ಕು ಪಟ್ಟು ಅಂತರವಿದೆ. ನಾಲ್ಕು ಇಂಚಿನ ಮೊಳೆಯನ್ನು ಪೂರ್ತಿ ಹೊಡೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಒಂದೂವರೆ ಇಂಚು ಹೊರಗೆ ಬಿಟ್ಟು ಅದಕ್ಕೆ ಹುರಿ ಸಿಕ್ಕಿಸುತ್ತಾರೆ. ಸಡಿಲ ಬಾಯಿಯ ತೂತಿನಲ್ಲಿ ಉದ್ದದ ಸನ್ನೆಕೋಲನ್ನು ಇಟ್ಟು, ಅದರ ತುದಿಗೆ ಅಜ್ಜನನ್ನು ನೇತುಹಾಕಿ, ಬಿದ್ದಾಗ ಕಲ್ಲನ್ನು ಬೈಯುತ್ತಾರೆ.

ಇಷ್ಟು ಹೇಳಿದ ಮೇಲೂ ಒಂದು ವಾದ ಉಳಿಯುತ್ತದೆ. ನಮ್ಮ ಹಳೆಯ ಮನೆಯಲ್ಲಿ ಅಜ್ಜ ಹೊಡೆದ ಮೊಳೆ ಇವತ್ತಿಗೂ ಜಗ್ಗಿಲ್ಲವಲ್ಲ? ಹೋಗಿ ಸರಿಯಾಗಿ ನೋಡಿ. ಹೆಚ್ಚಿನ ಕಡೆ ಅದು ಬಾಗಿಲ ದಾರಂದಕ್ಕೋ ಅಡ್ಡ ತೊಲೆಗೋ ಹೊಡೆದದ್ದಾಗಿರುತ್ತದೆ. ಇಲ್ಲವೇ ಕಟ್ಟುವಾಗಲೇ ಕಲ್ಲುಗಳ ನಡುವೆ ಮರದ ಗೂಟ ಕೂರಿಸಿ, ಸುತ್ತ ಹಸಿ ಗಾರೆ ತುಂಬಿರುತ್ತಾರೆ. ಅಜ್ಜನ ಮೊಳೆ ನಿಂತದ್ದು ಮರದಲ್ಲಿ. ಬೇಕಲ ಕೋಟೆಯೇ ಈ ಕಲ್ಲಿನದು, ಒಂದು ಮೊಳೆ ಹಿಡಿಯಲಾರದೇ ಎನ್ನುವವರೂ ಇದ್ದಾರೆ. ಕೋಟೆ ಕಲ್ಲಿನಿಂದ ಕೇಳುವುದು ಮೇಲಿನ ಭಾರ ಹೊರುವುದನ್ನು, ಅದರಲ್ಲಿ ಮುರಕಲ್ಲು ಸಮರ್ಥ. ಮೊಳೆ ಕೇಳುವುದು ಕಚ್ಚಿ ಹಿಡಿಯುವುದನ್ನು.

ಈ ಕಲ್ಲಿನ ಸ್ವಭಾವ ಹೊಸ ಸುದ್ದಿಯೂ ಅಲ್ಲ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ನೆಲದೊಳಗೆ ಇರುವಾಗ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಸಿಗುವಷ್ಟು ಮೆತ್ತಗಿರುವ ಕಲ್ಲು ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ ಎಂದು 1807ರಲ್ಲೇ ಬರೆದಿದ್ದಾನೆ. ಗಟ್ಟಿಯಾಗುವುದು ಮುಖ್ಯವಾಗಿ ಹೊರಮೈ. ಒಳಗೆ ಜೇಡಿ ತುಂಬಿದ ಪೊಟರೆಗಳೂ ಖಾಲಿ ರಂಧ್ರಗಳೂ ಇರುತ್ತವೆ. ಒಂದೇ ಗೋಡೆಯಲ್ಲಿ ಒಂದು ಕಲ್ಲು ಗಟ್ಟಿ, ಪಕ್ಕದ್ದು ಪೊಳ್ಳು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಗಾರೆ ಬಿಟ್ಟುಕೊಂಡಿರುವ ಜಾಗವಾದರೂ ತಿಳಿಯುತ್ತದೆ, ಅಲ್ಲಿ ಕೈ ಹಾಕಬೇಡಿ.

ಈಗ ಮಾಡಬೇಕಾದದ್ದು. ಸ್ವಿಚ್ಚು ಮತ್ತು ಪ್ಲಗ್ಗುಗಳ ನೇರಕ್ಕೆ ಮೇಲೆ, ಕೆಳಗೆ, ಅಡ್ಡಕ್ಕೆ ಎಲ್ಲೂ ಕೊರೆಯಬೇಡಿ; ವಯರಿನ ಕೊಳವೆ ಅಲ್ಲೇ ಹೋಗಿರುತ್ತದೆ. ಕಲ್ಲಿನ ಸಂದಿಗಿಂತ ಕಲ್ಲಿನ ನಡುಭಾಗ ಒಳ್ಳೆಯದು, ಮಣ್ಣಿನ ಗಾರೆಯ ಹಳೆಯ ಗೋಡೆಯಲ್ಲಂತೂ ಖಂಡಿತ. 6 ಮಿಲಿಮೀಟರಿನ ಬಿಟ್ ಹಾಕಿ, ಡ್ರಿಲ್ಲಿನ ಬಡಿಯುವ ಗುಂಡಿಯನ್ನು ಆರಿಸಿಟ್ಟು, ಬರೀ ತಿರುಗಿಸಿಯೇ ಕೊರೆಯಿರಿ. ಡ್ರಿಲ್ ಮಾಡಿದರೆ ಗೋಡೆ ಬಿರಿಯುತ್ತದೆ ಎಂದು ಹೆದರುವವರು ಸುತ್ತಿಗೆಯನ್ನು ಮಾತ್ರ ನಿರ್ಭಯವಾಗಿ ಬೀಸುತ್ತಾರೆ, ನನಗೆ ಇದು ಅರ್ಥವಾಗುವುದಿಲ್ಲ. ಗಾರೆಯ ದಪ್ಪ ಹನ್ನೆರಡರಿಂದ ಹದಿನೈದು ಮಿಲಿಮೀಟರ್ ಇರುವುದರಿಂದ ರಾಲ್‌ಪ್ಲಗ್ (ತೂತಿನೊಳಗೆ ಕೂರಿಸಿ ಸ್ಕ್ರೂ ತಿರುಗಿಸುವ ಪ್ಲಾಸ್ಟಿಕ್ ಕೊಳವೆ) ಅದನ್ನು ದಾಟಿ ಕಲ್ಲಿನೊಳಗೆ ಕೂರಬೇಕು. ಸುಮಾರು ಐವತ್ತು ಮಿಲಿಮೀಟರ್ ಆಳ ಸಾಕು. ಹುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ, ಬಾಯಿಯಿಂದ ಊದಿದರೆ ಕಣ್ಣಿಗೇ ಬರುತ್ತದೆ. ಪ್ಲಗ್ ಕೂರಿಸಿ ಸ್ಕ್ರೂ ತಿರುಗಿಸಿ, ಚಿತ್ರ ಸಿಕ್ಕಿಸಲು ಬೇಕಾದಷ್ಟು ಮಾತ್ರ ಹೊರಗೆ ಬಿಡಿ.

ರಾಲ್‌ಪ್ಲಗ್ ಮಾಡುವ ಕೆಲಸವೆಂದರೆ ಕಲ್ಲಿಗೆ ಇಲ್ಲದ ನಾರನ್ನು ಒದಗಿಸುವುದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಕೆಡಿಸದೆ ವಿದ್ಯುತ್ ಸಾಮಗ್ರಿ ಕೂರಿಸುವ ಕೆಲಸ ಹಿಡಿದಿದ್ದ ಜಾನ್ ರಾಲಿಂಗ್ಸ್, 1911ರ ಸುಮಾರಿಗೆ ಇದನ್ನು ಮೊದಲು ಮಾಡಿದ್ದು ಸೆಣಬಿನ ನಾರಿನಿಂದಲೇ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ನೈಲಾನಿನದ್ದನ್ನು ತಂದ. ಸ್ಕ್ರೂ ಒಳಹೋದಂತೆ ಅದು ಅರಳಿ ತೂತಿನ ಗೋಡೆಯನ್ನು ಒತ್ತುತ್ತದೆ. ಮರದ ಬೆಣೆ ಯಾಕಾಗದು ಎನ್ನಬಹುದು. ನಮ್ಮಲ್ಲಿ ಅದು ಆಷಾಢದಲ್ಲಿ ಉಬ್ಬಿ ಮಾರ್ಚಿನಲ್ಲಿ ಕುಗ್ಗುತ್ತದೆ, ನಡುವೆ ಒರಲೆಗೆ ಊಟವೂ ಆಗುತ್ತದೆ. ಬೆಂಕಿಕಡ್ಡಿ ತುರುಕುವವರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಪೊಟರೆ ಸಿಕ್ಕಿ ಪ್ಲಗ್ ಸುಮ್ಮನೆ ತಿರುಗುತ್ತಿದ್ದರೆ ತೂತನ್ನು ನೆನೆಸಿ, ಸಿಮೆಂಟ್ ತುಂಬಿ, ಚೆನ್ನಾಗಿ ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಅಂಟುಪಟ್ಟಿಗಳು ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಗೆ ಆಗುವುದಿಲ್ಲ. ಅವು ಬಣ್ಣವನ್ನು ಹಿಡಿಯುತ್ತವೆ, ಬಣ್ಣ ಗೋಡೆಯನ್ನು ಹಿಡಿಯಬೇಕಲ್ಲ.

ಹುರಿಯನ್ನು ಬಿಗಿಯಾಗಿ ಅಡ್ಡ ಕಟ್ಟಬೇಡಿ. ಅದು ಅಡ್ಡಗೆರೆಗೆ 30 ಡಿಗ್ರಿ ಏರಿದ್ದರೆ ಎರಡೂ ಬದಿಯಲ್ಲಿ ಚಿತ್ರದ ತೂಕದಷ್ಟೇ ಎಳೆತ. 10 ಡಿಗ್ರಿ ಮಾತ್ರ ಇದ್ದರೆ ಸುಮಾರು ಮೂರು ಪಟ್ಟು. ಮೊಳೆ ಗಟ್ಟಿಯಿದ್ದೂ ಚೌಕಟ್ಟಿನ ಕೊಂಡಿ ಕಿತ್ತು ಬರುವುದು ಹೀಗೆ.

ಯಾರೂ ಕೇಳದ ಇನ್ನೊಂದು ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮೀರಿರುತ್ತದೆ. ಗೋಡೆಯಿಂದ ಬಿದ್ದು ಹಾಳಾಗುವ ಚಿತ್ರಗಳಿಗಿಂತ ಗೋಡೆಯ ಮೇಲೆ ಇದ್ದುಕೊಂಡೇ ಹಾಳಾಗುವವು ನಮ್ಮ ಜಿಲ್ಲೆಯಲ್ಲಿ ಹೆಚ್ಚು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು, ನೀರು ಹೀರುವ ಕಲ್ಲು. ಮಳೆ ಬಡಿಯುವುದು ಪಡುವಣ ಮತ್ತು ನೈಋತ್ಯದ ಹೊರಗೋಡೆಗೆ. ಅದರ ಒಳಮೈಯಲ್ಲಿ ತೂಗಿಸಿದ ಚಿತ್ರದ ಬೆನ್ನಿಗೆ ಜುಲೈಯೊಳಗೆ ಬೂಷ್ಟು. ಒಳಗಿನ ಅಡ್ಡಗೋಡೆಯೇ ಲೇಸು. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ಬೆನ್ನ ಕಡೆ ಬಿರಡೆಯ ಚೂರು ಅಂಟಿಸಿ, ಗಾಳಿಯಾಡಲು ಅಷ್ಟು ಸಂದು ಸಾಕು. ಹಿರಿಯರ ಫೋಟೊಗಳನ್ನು ಹಲ್ಲಿಗಳಿಗೆ ಮಾತ್ರ ಕಾಣುವಷ್ಟು ಎತ್ತರದಲ್ಲಿ ಹಾಕುವುದನ್ನೂ ಬಿಡಿ. ಚಿತ್ರದ ನಡು ನೆಲದಿಂದ ನೂರನಲ್ವತ್ತೈದು ಸೆಂಟಿಮೀಟರ್ ಆಸುಪಾಸು ಇದ್ದರೆ ನಿಂತವರ ಕಣ್ಣಿಗೆ ಸರಿಹೊಂದುತ್ತದೆ, ಬೂಷ್ಟು ಬಂದರೂ ಬೇಗ ಗೊತ್ತಾಗುತ್ತದೆ.

ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಅಂಚು ಇಡಲು ಹೇಳಿ. ಹಳೆಯ ಫೋಟೊ ಕಾಗದದ ಮೇಲ್ಪದರ ಜೆಲಾಟಿನ್. ತೇವ ಹೀರಿದಾಗ ಅದು ಅಂಟಾಗುತ್ತದೆ, ಗಾಜಿಗೆ ತಾಗಿಕೊಂಡಿದ್ದರೆ ಅಲ್ಲೇ ಹಿಡಿದುಬಿಡುತ್ತದೆ. ಈಗಾಗಲೇ ಹಿಡಿದಿದ್ದರೆ ಎಳೆಯಬೇಡಿ, ನೀರು ಚಿಮುಕಿಸಿಯೂ ನೋಡಬೇಡಿ. ಮುಖದ ಭಾಗವೇ ಗಾಜಿನಲ್ಲಿ ಉಳಿದೀತು. ಗಾಜಿನ ಸಮೇತ ಸ್ಟುಡಿಯೋಗೆ ಒಯ್ದು ಪ್ರತಿ ತೆಗೆಸಿ, ಆ ಪ್ರತಿಗೆ ಬೇರೆ ಕಟ್ಟು ಹಾಕಿಸಿ ಗೋಡೆಗೆ ಹಾಕಿ. ಮೂಲವನ್ನು ಗಾಜಿನೊಂದಿಗೇ ಒಣ ಕಪಾಟಿನಲ್ಲಿಡಿ.